ನನ್ನ ಕಣ್ಣಿಗೆ ಏನೂ ಆಗಿಲ್ಲ

ನನ್ನ ಕಣ್ಣಿಗೆ ಏನೂ ಆಗಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನೀವು ಶಹಾಬಾದಿನ ನಮ್ಮ ಮನೆಗೆ ಬಂದರೆ, ನನ್ನ ಹೆಂಡತಿ ಚಹಾಕ್ಕಿಂತ ಮೊದಲು ಇದಕ್ಕೆ ತದ್ವಿರುದ್ಧವಾದ ಸುದ್ದಿ ಕೊಟ್ಟಾಳು. ನಾನು ಔಷಧದ ಅಂಗಡಿಯವನು. ಸುತ್ತಲಿನ ಡಾಕ್ಟರುಗಳ ಕೈಬರಹವನ್ನು ಓದುತ್ತಲೇ ತಲೆ ನರೆತಿದೆ. ಒಬ್ಬ ಡಾಕ್ಟರಂತೂ ತಾವು ಬರೆದ ಚೀಟಿಯಲ್ಲಿ ಏನಿದೆ ಎಂದು ನನಗೇ ಫೋನ್ ಮಾಡಿ ಕೇಳಿದ್ದುಂಟು. ಇಂಥ ಕಣ್ಣಿನ ಮೇಲೆ ಅಪವಾದ ಬಂತು, ಅದೂ ಒಂದು ಕ್ಯಾಮೆರಾದ ದೆಸೆಯಿಂದ.

ಅದು ಫಿಲ್ಮು ಹಾಕುವ ಹಳೆಯ ಕ್ಯಾಮೆರಾ. ಸೇಡಂನ ಸ್ಟುಡಿಯೊ ಒಂದು ಫೋಟೋ ತೆಗೆಯುವುದನ್ನು ಬಿಟ್ಟು ಮೊಬೈಲ್ ಕವರು ಮಾರಲು ಶುರುಮಾಡಿದಾಗ ನಾನು ಅದನ್ನು ಎತ್ತಿಕೊಂಡು ಬಂದೆ. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ, ಗುಂಡಿ ಒತ್ತಿದರೆ ಒತ್ತಿದ್ದು ಕೇಳಿಸುತ್ತದೆ. ಮನೆಯಲ್ಲಿ ಇಷ್ಟು ಖಚಿತವಾಗಿ ಉತ್ತರ ಕೊಡುವವರು ಅದನ್ನು ಬಿಟ್ಟರೆ ನಮ್ಮ ಕಾಕು ಮಾತ್ರ.

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ನಮ್ಮೊಂದಿಗೇ ಇದ್ದಾರೆ, ಅಥವಾ ಅವರು ಹೇಳುವ ಪ್ರಕಾರ ನಾವು ಅವರೊಂದಿಗೆ ಇದ್ದೇವೆ. ಕಳೆದ ವರ್ಷ ತೆಂಗಳಿಯಲ್ಲಿ ಅವರ ಗೆಳತಿಯೊಬ್ಬರು ತೀರಿಕೊಂಡರು. ಮಾತಾಡಿಸಿಕೊಂಡು ಬರಲು ಹೋದ ಕಾಕು ಸಿಟ್ಟು ಮಾಡಿಕೊಂಡೇ ಮರಳಿದರು. ಆ ಮನೆಯವರ ಹತ್ತಿರ ಗೆಳತಿಯದೊಂದು ಫೋಟೋ ಕೂಡ ಇರಲಿಲ್ಲವಂತೆ. ಅವಸರದಲ್ಲಿ ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ, ಚೌಕಟ್ಟು ಕಟ್ಟಿಸಿ, ಹಾರ ಹಾಕಿದ್ದರು.

“ತಮ್ಮಾ, ಆಕಿ ಭಾಳ ಛಂದ ಇದ್ದಳು. ಈಗ ಗ್ವಾಡಿ ಮ್ಯಾಲ ನೋಡಿದ್ರ ಪೊಲೀಸರು ಹಿಡಕೊಂಡು ಬಂದಂಗ ಕಾಣಾಕತ್ತಾಳ. ನನಗ ಅಂಥಾದು ಬ್ಯಾಡ. ನಾ ಇದ್ದಾಗೇ ಒಂದು ಫೋಟೋ ತಗದಿಡು,” ಅಂದರು ಕಾಕು.

ಹೆಂಡತಿ ತಕ್ಷಣ ಮೊಬೈಲಿನಲ್ಲಿ ತೆಗೆದಳು. ಕಾಕು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಮೊಬೈಲು ತನ್ನ ಒಳ್ಳೆಯತನದಿಂದ ಅವರ ಮುಖವನ್ನು ಇಸ್ತ್ರಿ ಮಾಡಿಬಿಟ್ಟಿತ್ತು. “ಇಕಿ ಯಾರವಾ? ನನ್ನ ಸುಕ್ಕೆಲ್ಲಾ ಎಲ್ಲಿ ಹ್ವಾದ್ವು? ಅವು ಬರಲಾಕ ಎಷ್ಟು ವರ್ಷ ಹಿಡದಾದ ಗೊತ್ತದೇನು?” ಎಂದು ಮೊಬೈಲನ್ನು ವಾಪಸು ಕೊಟ್ಟರು. ಸೆಟ್ಟಿಂಗ್ ಬದಲಿಸಬಹುದು ಎಂದು ಹೆಂಡತಿ ವಿವರಿಸಿದಳು. ಕೇಳದೆಯೇ ಸುಳ್ಳು ಹೇಳುವ ಸಾಮಾನಿನ ಮೇಲೆ ಕಾಕುವಿಗೆ ಮತ್ತೆ ನಂಬಿಕೆ ಹುಟ್ಟಲಿಲ್ಲ. ನಾನು ಎದೆಯುಬ್ಬಿಸಿಕೊಂಡು ನನ್ನ ಕ್ಯಾಮೆರಾ ತಂದೆ.

ಕಾಕುವನ್ನು ಪಡಸಾಲೆಯ ಬಾಗಿಲ ಬೆಳಕಿನಲ್ಲಿ ಕೂರಿಸಿ, ತೊಡೆಯ ಮೇಲಿದ್ದ ಬೇಳೆಯ ಮೊರವನ್ನು ಹಾಗೇ ಇರಗೊಟ್ಟು, ಅವರ ಕಣ್ಣಿಗೇ ಫೋಕಸ್ ಮಾಡಿ ಇಡೀ ರೋಲು ಮುಗಿಸಿದೆ. ಹೈದರಾಬಾದಿನ ಲ್ಯಾಬಿಗೆ ಕಳಿಸಿ, ಮದುವೆಗೆ ಹೆಣ್ಣಿನ ಕಡೆಯವರ ಉತ್ತರಕ್ಕೆ ಕಾದ ಹಾಗೆ ಕಾದೆ. ಫೋಟೋಗಳು ಬಂದವು. ಮೊರದಲ್ಲಿದ್ದ ಬೇಳೆಯ ಕಾಳುಕಾಳೂ ಎದ್ದು ಕಾಣುತ್ತಿತ್ತು. ಕಾಕುವಿನ ಮುಖ ಮಾತ್ರ ಮಂಜಿನಾಚೆ ಇತ್ತು. ಎಲ್ಲ ಫೋಟೋಗಳಲ್ಲೂ ಇದೇ ಕತೆ.

“ನಿಮ್ಮ ಕಣ್ಣ ಹೋಗ್ಯಾವ್ರಿ. ಒಮ್ಮಿ ತೋರಿಸ್ಕೊಂಡು ಬರ್ರಿ,” ಅಂದಳು ಹೆಂಡತಿ. ಇದನ್ನು ಅವಳು ಕನಿಕರದಿಂದ ಅಂದದ್ದೇ ನನ್ನನ್ನು ಹೆಚ್ಚು ಕೆರಳಿಸಿತು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು.

ಹೈದರಾಬಾದಿನ ರಿಪೇರಿಯವರೊಬ್ಬರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ, “ಅಬ್ ಛೋಡೋ ಸಾಬ್, ಶೋಕೇಸ್ ಮೇ ರಖ್ ದೋ,” ಅಂದರು. ನಮ್ಮ ಮನೆಯಲ್ಲಿ ಶೋಕೇಸೇ ಇಲ್ಲ. ಇದ್ದರೂ ಇಡುತ್ತಿರಲಿಲ್ಲ. ನನ್ನ ಅಂಗಡಿಯ ಪ್ರತಿ ಮಾತ್ರೆಪಟ್ಟಿಯ ಮೇಲೂ ಮುಗಿಯುವ ತಾರೀಖು ಅಚ್ಚಾಗಿರುತ್ತದೆ. ಆ ತಾರೀಖಿನ ಮುಂದೆ ನಾನು ತಲೆ ಬಾಗುತ್ತೇನೆ, ಅದು ಧರ್ಮ. ಆದರೆ ಕ್ಯಾಮೆರಾದ ಮೇಲೆ ಅಂಥದ್ದೇನೂ ಅಚ್ಚಾಗಿಲ್ಲ, ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಕಾಕುವಿನ ಮೇಲೂ ಇಲ್ಲ, ನನ್ನ ಮೇಲೂ ಇಲ್ಲ. ಹಾಗಿರುವಾಗ ನಮಗೆ ತಾರೀಖು ಬರೆಯಲು ಇವರು ಯಾರು? ನಾನೇ ಸರಿಮಾಡುತ್ತೇನೆ ಎಂದು ಹಟ ಹಿಡಿದೆ.

ಈ ಜಾತಿಯ ಕ್ಯಾಮೆರಾದೊಳಗೆ ಒಂದು ಓರೆ ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕು ಅದಕ್ಕೆ ತಾಗಿ, ಮೇಲಿರುವ ಮಬ್ಬುಗಾಜಿನ ಮೇಲೆ ಬಿದ್ದು, ಅಲ್ಲಿಂದ ನಮ್ಮ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ದಾರಿ ಬಿಡುತ್ತದೆ, ಬೆಳಕು ನೇರವಾಗಿ ಫಿಲ್ಮಿಗೆ ಹೋಗುತ್ತದೆ. ಲೆನ್ಸಿನಿಂದ ಮಬ್ಬುಗಾಜಿಗೆ ಎಷ್ಟು ದೂರವೋ ಫಿಲ್ಮಿಗೂ ಅಷ್ಟೇ ದೂರ ಇರಬೇಕು. ಕನ್ನಡಿ ಕೂದಲೆಳೆಯಷ್ಟು ಎತ್ತರದಲ್ಲಿ ಕೂತರೂ ನಾನು ಕಂಡದ್ದೇ ಬೇರೆ, ಫಿಲ್ಮು ಕಂಡದ್ದೇ ಬೇರೆ. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಾರೆ, ಆದರೂ ಸಂಸಾರ ಸಾಗುವುದಿಲ್ಲ.

ಮೊದಲು ಲೆನ್ಸು ನಿರಪರಾಧಿಯೇ ಎಂದು ನೋಡಬೇಕಿತ್ತು. ಲೆನ್ಸಿನ ಬಳೆಯ ಕೊನೆಯಲ್ಲಿ ಮಲಗಿದ ಇಂಗ್ಲಿಷ್ ಎಂಟರಂತೆ ಒಂದು ಗುರುತಿರುತ್ತದೆ, ಅನಂತ ಎಂದು ಅದರ ಅರ್ಥ. ಋಷಿಗಳು ಅನಂತವನ್ನು ಹುಡುಕಿಕೊಂಡು ಬೆಟ್ಟ ಹತ್ತುತ್ತಿದ್ದರಂತೆ. ನಮ್ಮ ಕಡೆ ಬೆಟ್ಟವಿಲ್ಲ, ಆದರೆ ಅನಂತ ಬೇಕಾದಷ್ಟಿದೆ. ಮಾಳಿಗೆ ಹತ್ತಿದರೆ ತೊಗರಿ ಹೊಲಗಳ ಆಚೆ ವಾಡಿಯ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಾಣುತ್ತದೆ, ಕ್ಯಾಮೆರಾದ ಮಟ್ಟಿಗೆ ಅಷ್ಟು ಸಾಕು. ಹಿಂಬಾಗಿಲು ತೆರೆದು, ಫಿಲ್ಮು ಇರುವ ಜಾಗಕ್ಕೆ ಅಂಗಡಿಯ ಬ್ಯಾಂಡೇಜು ಅಂಟಿಸುವ ಹಾಲುಬಣ್ಣದ ಟೇಪನ್ನು ಬಿಗಿಯಾಗಿ ಎಳೆದು ಅಂಟಿಸಿದೆ. ಕನ್ನಡಿ ಮೇಲೆತ್ತಿ, ಫಿಲ್ಮಿನ ಮುಂದಿನ ಪರದೆ ತೆರೆದಿಟ್ಟು, ಲೆನ್ಸನ್ನು ಅನಂತಕ್ಕೆ ತಿರುಗಿಸಿದೆ. ಟೇಪಿನ ಮೇಲೆ ಚಿಮಣಿ ತಲೆಕೆಳಗಾಗಿ, ಆದರೆ ಸ್ವಚ್ಛವಾಗಿ ನಿಂತಿತು. ಲೆನ್ಸನ್ನು ಮುಟ್ಟದೆ ಕನ್ನಡಿ ಇಳಿಸಿ ಕಣ್ಣಿಡುವ ಕಿಂಡಿಯಲ್ಲಿ ಇಣುಕಿದರೆ ಅದೇ ಚಿಮಣಿ ಮಸುಕು. ಕಳ್ಳ ಸಿಕ್ಕಿದ್ದ.

ಆದರೆ ಕಳ್ಳ ಸಿಕ್ಕಿದ್ದು ನನಗೆ ಮಾತ್ರ. ಸಾಕ್ಷಿಗೆ ಹೆಂಡತಿಯನ್ನು ಕರೆಯಬೇಕಿತ್ತು, ಮತ್ತು ಅವಳು ಮಾಳಿಗೆ ಹತ್ತುವವಳಲ್ಲ. ಆಗ ಕಾಕು ಒಂದು ದಾರಿ ಹುಡುಕಿದರು. ನಮ್ಮ ಪಡಸಾಲೆಗೆ, ಇನ್ನೇನು ಹಾಸಿರುತ್ತಾರೆ, ಊರಿನ ಫರ್ಸಿಕಲ್ಲನ್ನೇ ಹಾಸಿದೆ. ಕಲ್ಲುಗಳ ನಡುವಿನ ಸಂದು ಬಾಗಿಲಿನಿಂದ ಗೋಡೆಯವರೆಗೆ ನೆಟ್ಟಗೆ ಹೋಗುತ್ತದೆ. ಕಾಕು ನೆಲಕ್ಕೆ ಕೂತು ಆ ಸಂದಿನುದ್ದಕ್ಕೂ ತೊಗರಿಬೇಳೆ ಸಾಲಾಗಿ ಇಟ್ಟು, ನಟ್ಟನಡುವೆ ಒಂದು ಹೆಸರುಕಾಳು ಇಟ್ಟರು. “ಆ ಹಸುರು ಕಾಳಿಗಿ ಹಿಡಿ. ಬ್ಯಾರೇದಕ್ಕ ಹತ್ತಿದ್ರ ತಾನೇ ತಿಳೀತದ,” ಅಂದರು.

ಔಷಧದ ಡಬ್ಬಿಯ ಮೇಲೆ ಕ್ಯಾಮೆರಾ ಇಟ್ಟು, ಹೆಂಡತಿಯ ಕೈಯಿಂದಲೇ ಹೆಸರುಕಾಳಿಗೆ ಫೋಕಸ್ ಮಾಡಿಸಿದೆ. ಆಮೇಲೆ ಕನ್ನಡಿ ಎತ್ತಿ, ಟೇಪಿನ ಮೇಲೆ ನೋಡು ಅಂದೆ. ಅವಳು ಬಗ್ಗಿ ನೋಡಿ, “ಈ ಕಡಿ ಬ್ಯಾಳಿ ಚೊಕ್ಕ ಕಾಣಾಕತ್ತಾವ. ಹೆಸರುಕಾಳು ಮಬ್ಬಾಗ್ಯಾದ,” ಎಂದು ಒಪ್ಪಿಕೊಂಡಳು. ನಾನು ಗೆದ್ದೆ. ನನ್ನ ಮುಖ ನೋಡಿ ಅವಳು, “ಆದ್ರೂ ಕಣ್ಣ ಒಮ್ಮಿ ತೋರಿಸ್ಕೊಳ್ರಿ,” ಎಂದು ಸೇರಿಸಿದಳು.

ಲೆನ್ಸು ಬಿಚ್ಚಿ ಒಳಗೆ ನೋಡಿದೆ. ಕನ್ನಡಿ ಬಡಿದುಕೊಳ್ಳದಿರಲಿ ಎಂದು ಅಂಟಿಸಿದ ಸ್ಪಂಜಿನ ಪಟ್ಟಿ ವಯಸ್ಸಾಗಿ ಕರಗಿ ಡಾಂಬರಿನಂತಾಗಿತ್ತು. ಅದರ ಒಂದು ಚೂರು, ನಮ್ಮೂರಿನ ಕಲ್ಲುಧೂಳನ್ನು ಮೆತ್ತಿಕೊಂಡು, ಕನ್ನಡಿ ಒರಗುವ ಪುಟ್ಟ ತಿರುಪುಮೊಳೆಯ ಮೇಲೆ ಹಾಯಾಗಿ ಕೂತಿತ್ತು. ಸಾಸಿವೆಯ ಕಾಲುಭಾಗವೂ ಇಲ್ಲದ ಅದು ಕಾಕುವಿನ ಇಡೀ ಮುಖವನ್ನು ನುಂಗಿತ್ತು. ಹತ್ತಿಗೆ ಸ್ಪಿರಿಟ್ ಹಚ್ಚಿ, ಕನ್ನಡಿಗೆ ತಾಗದಂತೆ ಉಸಿರು ಬಿಗಿಹಿಡಿದು ತೆಗೆದೆ. ಇನ್ನೂ ಒಂದಿಷ್ಟು ವ್ಯತ್ಯಾಸ ಉಳಿಯಿತು. ಗಡಿಯಾರದ ಸ್ಕ್ರೂಡ್ರೈವರಿನಿಂದ ಆ ಮೊಳೆಯನ್ನು ಇಷ್ಟೇ ಇಷ್ಟು ತಿರುಗಿಸಿದೆ. ತಿರುಗಿಸಿದ್ದು ಹೆಚ್ಚಾಗಿ, ಹೆಸರುಕಾಳು ಬಿಟ್ಟು ಅದರಾಚೆಯ ಬೇಳೆ ಸ್ವಚ್ಛವಾಯಿತು. ಮತ್ತೆ ಹಿಂದಕ್ಕೆ. ತಪ್ಪಿದ್ದು ಕೈ, ಕಣ್ಣಲ್ಲ. ಕೊನೆಗೆ ಕಿಂಡಿಯಲ್ಲೂ ಟೇಪಿನಲ್ಲೂ ಒಂದೇ ಹೆಸರುಕಾಳು ಕಂಡಾಗ ನಾನು ನೆಲದ ಮೇಲೆಯೇ ಕೂತುಬಿಟ್ಟೆ. ಕಾಕು ಬೇಳೆಯನ್ನೆಲ್ಲ ಬಳಿದು ಅಡುಗೆಗೆ ಹಾಕಿದರು.

ಕಾಕುವನ್ನು ಮತ್ತೆ ಕೂರಿಸಿ ತೆಗೆದ ಎರಡನೆಯ ರೋಲು ಬಂತು. ಸುಕ್ಕುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಗದ್ದದ ಒಂಟಿ ಕೂದಲೂ ಇತ್ತು. ಕಣ್ಣುಗಳು ನನ್ನನ್ನೇ ನೋಡುವಷ್ಟು ಸ್ಪಷ್ಟವಾಗಿದ್ದವು. ಆ ಕಣ್ಣು ಇಲ್ಲದ ದಿನ ಈ ಮನೆ ಹೇಗಿದ್ದೀತು ಎಂಬ ಯೋಚನೆ ಬಂತು, ಬಂದದ್ದನ್ನು ಬೈದು ಕಳಿಸಿದೆ.

ಚೌಕಟ್ಟು ಹಾಕಿಸಿ ಕಪಾಟಿನಲ್ಲಿಡೋಣ, ಹೊತ್ತು ಬಂದಾಗ ತೆಗೆದರಾಯಿತು ಎಂದು ಹೆಂಡತಿ ಮೆಲ್ಲಗೆ ಅಂದಳು. ಕಾಕು ಈಗಲೇ ಹಾಕಬೇಕು ಎಂದರು. ಬದುಕಿರುವವರ ಒಂಟಿ ಫೋಟೋ ಹಾಗೆ ಗೋಡೆಗೆ ಹಾಕುವುದು ಅಪಶಕುನ ಎಂದು ನೆಂಟರೆಲ್ಲ ಫೋನಿನಲ್ಲಿ ಬುದ್ಧಿ ಹೇಳಿದರು. “ಸತ್ತ ಮ್ಯಾಲ ಹಾಕಿದ್ರ ನಾ ಹ್ಯಾಂಗ ನೋಡಲಿ? ಹಾರ ಏನೂ ಬ್ಯಾಡ. ದಿನಾ ಧೂಳ ಒರಸ್ರಿ, ಸಾಕು,” ಅಂದರು ಕಾಕು. ಮೊಳೆ ಹೊಡೆದವನು ನಾನೇ.

ಮೊನ್ನೆ ಚಿಂಚೋಳಿಯಿಂದ ದೂರದ ನೆಂಟರೊಬ್ಬರು ಬಂದಿದ್ದರು. ಬಿಸಿಲಿನಿಂದ ಒಳಗೆ ಕಾಲಿಟ್ಟವರು ಗೋಡೆ ನೋಡಿದರು, ಚಪ್ಪಲಿ ಬಿಡುವುದನ್ನೂ ಮರೆತು ಕೈ ಮುಗಿದರು. “ಯಾವಾಗ ಆತ್ರಿ? ನಮಗ ಒಂದು ಮಾತು ತಿಳಿಸಬಾರದಾ?” ಎಂದು ಟವೆಲಿನಿಂದ ಕಣ್ಣೊರೆಸಿಕೊಂಡರು. ಕಾಕು ಅದೇ ಗೋಡೆಯ ಕೆಳಗೆ, ಅವರ ಎದುರಿಗೇ, ಮೊರ ಇಟ್ಟುಕೊಂಡು ಕೂತಿದ್ದರು. ಕಣ್ಣು ತೋರಿಸಿಕೊಳ್ಳಬೇಕಾದವರು ಯಾರು ಎಂಬಂತೆ ನಾನು ಹೆಂಡತಿಯ ಕಡೆ ನೋಡಿದೆ.

ಕಾಕು ಮೊರದಿಂದ ತಲೆ ಎತ್ತಲಿಲ್ಲ.

“ಇನ್ನಾ ಆಗಿಲ್ಲ,” ಅಂದರು. “ಕುಂದ್ರಿ, ಚಾ ಕುಡದು ಹೋಗ್ರಿ.”