ಬಾಗಿಲ ಹೊರಗಿನ ಶಂಕ್ರೆಪ್ಪ

ತಿಕೋಟಾದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಶಂಕ್ರೆಪ್ಪನಿಗೆ ತಿಂಗಳಿಗೊಮ್ಮೆ, ಎರಡು ತಾಸಿನ ಮಟ್ಟಿಗೆ, ಸೇನಾಪತಿಯ ಪಟ್ಟ ಸಿಗುತ್ತಿತ್ತು. ವಿಜಯಪುರದ ಹಳೆಯ ಶಾಲೆಯೊಂದರ ಹುಡುಗರು ದೊಡ್ಡವರಾದ ಮೇಲೆ ಕಟ್ಟಿಕೊಂಡ ಫ್ರೀಮೇಸನ್ ಲಾಡ್ಜ್, ಅಂದರೆ ಗುಪ್ತ ಸಹೋದರ ಸಂಘ, ಅದನ್ನು ಕೊಡುತ್ತಿತ್ತು. ಆ ಶಾಲೆಯಲ್ಲಿ ಕಲಿತವರಿಗಷ್ಟೇ ಪ್ರವೇಶ. ಒಳಗೆ ನಡೆಯುವುದೆಲ್ಲ ಗುಟ್ಟು. ಗುಟ್ಟು ಕಾಯಲು ಮುಚ್ಚಿದ ಬಾಗಿಲ ಹೊರಗೆ ಸದಸ್ಯನೊಬ್ಬ ಕತ್ತಿ ಹಿರಿದು ನಿಲ್ಲಬೇಕು. ಹತ್ತೊಂಬತ್ತು ವರ್ಷಗಳಿಂದ ಆ ವೀರ ಶಂಕ್ರೆಪ್ಪನೇ. ಶಾಲೆಯಲ್ಲೂ ಅವನು ಬಹುಪಾಲು ತರಗತಿಯ ಹೊರಗೇ ನಿಂತು ಕಳೆದವನಾದ್ದರಿಂದ ಅನುಭವಕ್ಕೇನೂ ಕೊರತೆ ಇರಲಿಲ್ಲ.

ಆ ಕತ್ತಿಗೆ ಬದನೆಕಾಯಿಯೂ ಹೆದರುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅದು ತಡೆದದ್ದು, 'ಲಾಡ್ಜ್' ಎಂಬ ಬೋರ್ಡು ನೋಡಿ ಮೆಟ್ಟಿಲು ಹತ್ತಿ ಬಂದು "ರೂಮ್ ಖಾಲಿ ಅದಾವೇನ್ರಿ?" ಎಂದು ಕೇಳಿದ ಪ್ರವಾಸಿಗರನ್ನು ಮತ್ತು ಒಂದು ಆಡನ್ನು. ಆದರೂ ಡಾಕ್ಟರು, ವಕೀಲರು ಅದರೆದುರು ತಲೆಬಾಗಿ, "ಸಹೋದರ ಶಂಕ್ರೆಪ್ಪನವರೇ" ಎಂದು ಕರೆದೇ ಒಳಗೆ ಹೋಗುತ್ತಿದ್ದರು. ಅಂಗಡಿಯಲ್ಲಿ ಅವನನ್ನು ಹಾಗೆ ಕರೆಯುವವರಿರಲಿಲ್ಲ. ಮನೆಯಲ್ಲಿ ಹೆಂಡತಿ ಮಲಕವ್ವ ಕರೆಯುವುದನ್ನೇ ಬಿಟ್ಟಿದ್ದಳು.

ಲಾಡ್ಜಿನ ಸಹೋದರರು ಒಬ್ಬೊಬ್ಬರಾಗಿ ತೀರಿಕೊಂಡಾಗ ಸಂಕಟ ಶುರುವಾಯಿತು. ಬಾಗಿಲ ಒಳಗೆ ಏಳು ಜನರಿಲ್ಲದೆ ಸಭೆ ಕೂಡದೆಂಬುದು ನಿಯಮ. ಎರಡು ಸಭೆ ಆಗಲೇ ತಪ್ಪಿದ್ದವು. ಮೂರನೆಯದೂ ತಪ್ಪಿದರೆ ಲಾಡ್ಜ್ ರದ್ದು. ಆ ಭಾನುವಾರ ಬೆಳಿಗ್ಗೆ ಬಂದು ಕೂತವರು ಆರೇ ಜನ.

"ನೀನ ಒಳಗ ಬಾರಲೇ," ಎಂದ ಕಾರ್ಯದರ್ಶಿ ಚಂದ್ರಕಾಂತ.

"ನಾ ಒಳಗ ಬಂದ್ರ ಹೊರಗ ಕತ್ತಿ ಹಿಡಿಯಾವ್ರ ಯಾರು? ನಿಮ್ಮಪ್ಪ ಎದ್ದ ಬರ್ತಾನೇನು?"

ಉಳಿದಿದ್ದವನು ಜಲನಗರದ ಸಂಗನಬಸವ ಒಬ್ಬನೇ. ಶಾಲೆಯಲ್ಲಿ ಶಂಕ್ರೆಪ್ಪನ ಬೆಂಚಿನವನು. ಅವನ ಹೃದಯ ಈಗ ಅರೆಮನಸ್ಸಿನಿಂದ ಬಡಿಯುತ್ತಿತ್ತು. ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಶಂಕ್ರೆಪ್ಪ ಆಟೋ ಹತ್ತಿ ದಂಡಯಾತ್ರೆ ಹೊರಟ. ಸಂಗನಬಸವನ ಮಗಳು ರಾಜೇಶ್ವರಿ ಔಷಧಿ ಅಂಗಡಿಗೆ ಹೋಗಿದ್ದಳು.

"ಬರ್ತೀ ಏನಲೇ ಸಂಗ್ಯಾ? ನೀ ಬರಲಿಲ್ಲಂದ್ರ ಇವತ್ತಿಗೆ ಎಲ್ಲಾ ಮುಗೀತು."

"ಆಕಿ ಬರೂದ್ರೊಳಗ ಒಯ್ಯಲೇ. ಬಂದ್ಲಂದ್ರ ಇಬ್ಬರಿಗೂ ಬೀಳ್ತಾವ."

ಬೇಡ ಎನ್ನಬೇಕಿತ್ತು. ಅದು ಶಂಕ್ರೆಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೇ ಗೆಳೆಯನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ.

ಲಾಡ್ಜಿನ ಹದಿನೆಂಟು ಮೆಟ್ಟಿಲುಗಳನ್ನು ಸಂಗನಬಸವ ಕುರ್ಚಿಯಲ್ಲಿ ಕೂತು, ಅರವತ್ತು ದಾಟಿದ ನಾಲ್ವರ ಹೆಗಲ ಮೇಲೆ ಮಹಾರಾಜನಂತೆ ಏರಿದ. ಹೊತ್ತವರೇ ಅವನಿಗಿಂತ ಜೋರಾಗಿ ಏದುಸಿರು ಬಿಡುತ್ತಿದ್ದರು. ಸೊಂಟಕ್ಕೆ ಸಭೆಯ ಉಡುಪಾದ ಬಿಳಿ ಏಪ್ರನ್ ಕಟ್ಟಿ ಒಳಗೊಯ್ದರು. ಬಾಗಿಲು ಮುಚ್ಚಿತು.

ಅರ್ಧ ತಾಸಿಗೆ ರಾಜೇಶ್ವರಿ ಬಂದಳು. ಶಂಕ್ರೆಪ್ಪ ಆಟೋದಲ್ಲಿ ಕರೆದೊಯ್ದದ್ದನ್ನು ಪಕ್ಕದ ಮನೆಯ ನಜಮಾ ನೋಡಿ ಹೇಳಿದ್ದಳು.

"ಕಾಕಾ, ಅಪ್ಪಾ ಎಲ್ಲಿ?"

"ಒಳಗ ಆರಾಮ ಅದಾನವಾ. ಇನ್ನೊಂದ ಹತ್ತ ನಿಮಿಷ."

"ಬಾಗಲಾ ತಗೀರಿ. ಹೊತ್ತಿನ ಗುಳಿಗಿ ತಗೊಂಡಿಲ್ಲ ಅವ್ರು."

"ನಡುವ ಹೊರಗಿನವ್ರು ಕಾಲಿಟ್ರ ಸಭಾ ಮುರೀತೈತಿ. ಆಮ್ಯಾಲೆ ಲಾಡ್ಜ ಇರಂಗಿಲ್ಲವಾ."

"ನಾ ಹೊರಗಿನಾಕಿ?"

ಶಂಕ್ರೆಪ್ಪ ಕತ್ತಿಯನ್ನು ಬಾಗಿಲಿಗೆ ಅಡ್ಡ ಹಿಡಿದ. ಹಿಂದೆ ತಿರುಗಿ ಒಮ್ಮೆ ಕದ ಬಡಿದಿದ್ದರೆ ಒಳಗಿನವರು ನಿಲ್ಲಿಸುತ್ತಿದ್ದರು. ಅವನ ಕೈ ಏಳಲಿಲ್ಲ. "ಅಪ್ಪಾ!" ಎಂದು ಅವಳು ಕೂಗಿದಳು. ಒಳಗೆ ಐದಾರು ಮುದಿ ಗಂಟಲುಗಳು ಒಟ್ಟಾಗಿ ಪ್ರಾರ್ಥನೆ ಒಪ್ಪಿಸುತ್ತಿದ್ದವು. ಅದರಲ್ಲಿ ಸಂಗನಬಸವನ ದನಿ ಇದೆಯೋ ಎಂದು ಇಬ್ಬರೂ ಕಿವಿಗೊಟ್ಟು ನಿಂತರು.

ಬಾಗಿಲು ತೆರೆದಾಗ ಮೊದಲು ಹೊರಬಂದವನು ಚಂದ್ರಕಾಂತ. ಕೈಯಲ್ಲಿ ಹಾಜರಿ ಪುಸ್ತಕ, ಮುಖದಲ್ಲಿ ಕೋಟೆ ಗೆದ್ದ ಕಳೆ. "ಏಳು ಮಂದಿ! ಸಭಾ ಪಕ್ಕಾ ಆತಲೇ!"

ರಾಜೇಶ್ವರಿ ಅವನನ್ನು ಸರಿಸಿ ಒಳಗೆ ಹೋದಳು. ಸಂಗನಬಸವ ಗದ್ದವನ್ನು ಎದೆಗೊತ್ತಿ ಕೂತಿದ್ದ. ಪ್ರತಿ ಸಭೆಯಲ್ಲೂ ಅವನು ತೂಕಡಿಸುವವನೇ. ಹಾಗಾಗಿ ಯಾರೂ ಎಬ್ಬಿಸಿರಲಿಲ್ಲ. ಅವಳು ಅವನ ಕೈ ಹಿಡಿದು ನೋಡಿದಳು; ನಾಡಿ ಸಿಗಲಿಲ್ಲ. ಬಳಿಕ ಏಪ್ರನ್ನಿನ ಗಂಟು ಬಿಚ್ಚಿ, ಅದನ್ನು ಮಡಚಿ, ನೆಲದ ಮೇಲಿಟ್ಟಳು.

ಆರೂ ಜನ ಸೇರಿ ಕುರ್ಚಿ ಎತ್ತಿದರು. ಶಂಕ್ರೆಪ್ಪ ಕಾಲಿನ ಕಡೆ ಕೈ ಹಾಕಲು ಬಗ್ಗಿದ.

"ನೀವು ಬಾಗಲಾ ಕಾಯ್ರಿ ಕಾಕಾ," ಎಂದಳು ರಾಜೇಶ್ವರಿ.

ಕುರ್ಚಿ ಮೆಟ್ಟಿಲಿಳಿಯಿತು. ಒಳಗೆ ಯಾರೂ ಉಳಿದಿರಲಿಲ್ಲ. ಶಂಕ್ರೆಪ್ಪ ಬಾಗಿಲಲ್ಲೇ ನಿಂತ.