ಕುರಿಯ ಗ್ರಂಥಿಯ ಮಾತ್ರೆ

ಕೊಯಮತ್ತೂರು ಬಳಿಯ ಸಿರುಮುಗೈಯಲ್ಲಿ, ಕನ್ನಡ ನೇಕಾರರ ನಮ್ಮ ಬೀದಿಯಲ್ಲಿ ನನ್ನ ಹೆಂಡತಿಯಷ್ಟು ಚುರುಕಾಗಿ ನೇಯುವವರು ಇರಲಿಲ್ಲ. ಅವಳು ನನ್ನ ಸೋದರಮಾವನ ಮಗಳು. ಮಗ್ಗಕ್ಕೆ ಕೂರಿಸಿ ಕಲಿಸಿದವಳು ನನ್ನ ಅವ್ವ. ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅವಳ ಕೈ ನಿಧಾನವಾಗತೊಡಗಿತು. ಮುಖ ಊದಿತು, ದನಿ ದಪ್ಪಗಾಯಿತು. ಊರೆಲ್ಲ ಬೆವರುತ್ತಿದ್ದರೆ ಇವಳು ಕಂಬಳಿ ಹೊದ್ದು ಕೂರುತ್ತಿದ್ದಳು.

“ಸೋಂಬೇರಿತನ, ಬೇರೇನಿಲ್ಲ,” ಎಂದು ಅವ್ವ ಗೊಣಗುತ್ತಿದ್ದಳು. ಆದರೂ ನಾನು ಹೆಂಡತಿಯನ್ನು ಕೊಯಮತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೊರಟ ದಿನ ತಾನೂ ಬಸ್ಸು ಹತ್ತಿದಳು.

ಡಾಕ್ಟರಮ್ಮ ಹೆಂಡತಿಗೆ ನೀರು ಕುಡಿಯಲು ಹೇಳಿ, ನುಂಗುವಾಗ ಕತ್ತನ್ನು ಮುಟ್ಟಿ ನೋಡಿದರು. ಥೈರಾಯ್ಡ್ ಎಂಬ ಗ್ರಂಥಿ ಸೋತುಹೋಗಿದೆ ಎಂದು ತಮಿಳಿನಲ್ಲಿ ವಿವರಿಸಿದರು. ಮೈ ತನ್ನದೇ ಗ್ರಂಥಿಯ ಮೇಲೆ ಹಗೆ ಸಾಧಿಸುವ ರೋಗ ಅದು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಸೊಸೆ ಅವ್ವನ ಅಣ್ಣನ ಮಗಳೇ ಎಂದು ತಿಳಿದು, ರೋಗ ವಂಶದಲ್ಲೇ ಇರಬಹುದೆಂದು ಡಾಕ್ಟರಮ್ಮ ಅವ್ವನನ್ನೂ ಕೂರಿಸಿದರು.

“ನನಗೇನಾಗಿದೆ? ಕಲ್ಲಿನಂತೆ ಇದ್ದೀನಿ,” ಎಂದು ಅವ್ವ ನಕ್ಕಳು.

ಡಾಕ್ಟರಮ್ಮ ಅವಳ ಕತ್ತನ್ನೂ ಮುಟ್ಟಿ ನೋಡಿದರು. “ನಿಮ್ಮ ಕತ್ತಲ್ಲೂ ಗ್ರಂಥಿ ಗಟ್ಟಿಯಾಗಿದೆ. ಆದರೆ ಇನ್ನೂ ಕೆಲಸ ಮಾಡ್ತಿರೋ ಹಾಗಿದೆ. ಈಗ ಔಷಧಿ ಬೇಡ. ವರ್ಷಕ್ಕೊಮ್ಮೆ ಬಂದು ತೋರಿಸಿ.”

ಅವ್ವನ ನಗು ನಿಂತಿತು. “ಹಂಗಾದ್ರೆ ಈ ಸೀಕು ನಮ್ಮ ತವರಿಂದೇನಾ?” ಎಂದು ನನ್ನತ್ತ ತಿರುಗಿ ಕನ್ನಡದಲ್ಲಿ ಕೇಳಿದಳು.

ಮಾತ್ರೆ ಕೊಡುವ ಮುನ್ನ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. “ನೀವು ಮಾಂಸ ತಿನ್ನದವರು ಅಂತೀರಿ. ಇದು ಕುರಿಯ ಗ್ರಂಥಿ ಒಣಗಿಸಿ ಮಾಡಿದ್ದು. ಯೋಚನೆ ಮಾಡಿ.”

ಹೆಂಡತಿ ತಲೆ ತಗ್ಗಿಸಿದಳು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿರಲಿಲ್ಲ. ಆದರೂ ಮಾತ್ರೆ ಕೊಂಡೆ.

ಮರುದಿನ ಬೆಳಿಗ್ಗೆ ಅವ್ವ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಮಾತ್ರೆಯನ್ನೂ ನೀರನ್ನೂ ತಾನೇ ತಂದಳು.

“ಬಾಯಿ ತೆಗಿ, ಕಣ್ಣು,” ಎಂದು ಸೊಸೆಯನ್ನು ಮುದ್ದಿನಿಂದ ಕರೆದಳು.

“ಅತ್ತೆ, ನೀವು ಇದನ್ನ ಮುಟ್ಟಬಹುದಾ?”

“ಎನ್ನ ಆಚಾರ ನಾನ್ ನೋಡ್ಕೊಳ್ತೀನಿ. ನಿನ್ನ ಸೋಂಬೇರಿ ಅಂದೆ, ಅದನ್ನ ಮನಸಲ್ಲಿ ಇಕ್ಕಬೇಡ. ನುಂಗು.”

ದಿನವೂ ಅವ್ವನೇ ಕೊಟ್ಟಳು. ಕೆಲವು ತಿಂಗಳಲ್ಲಿ ಹೆಂಡತಿಯ ಮುಖ ಇಳಿಯಿತು, ದನಿ ತಿಳಿಯಾಯಿತು. ಮುಂಚಿನಂತೆಯೇ ಸೀರೆ ನೇಯತೊಡಗಿದಳು.

ಸುದ್ದಿ ಬೀದಿಗೆ ಮುಟ್ಟಿತ್ತು. ಕುಲದ ಹಿರಿಯರೊಬ್ಬರು ನಮ್ಮ ಜಗಲಿಗೆ ಬಂದು, “ಏನಮ್ಮಾ, ನಿನ್ನ ಮನೇಲಿ ಕುರಿ ತಿಂತಾರಂತೆ?” ಎಂದರು.

ಅವ್ವ ಎದ್ದು ನಿಂತಳು. “ಮಾತ್ರೆ ತಿಂತಾಳೆ, ನಾನೇ ಕೊಡ್ತೀನಿ ಮಾವ. ನಾಳೆ ನನಗೂ ಬೇಕಾಗಬಹುದು. ನಿಮ್ಮ ಮನೆ ಹೆಣ್ಮಕ್ಕಳ ಕತ್ತನ್ನೂ ಒಂದ್ಸಲ ತೋರ್ಸಿ.”

ಹಿರಿಯರು ಅವ್ವ ನೀಡಿದ ವೀಳ್ಯ ತೆಗೆದುಕೊಂಡರು. ನಾನು ಅವ್ವನನ್ನೇ ನೋಡುತ್ತ ನಿಂತಿದ್ದೆ. ಎದೆ ತುಂಬಿ ಬಂದಿತ್ತು.

ಮರುವರ್ಷ ಅವ್ವ ತಪಾಸಣೆಗೆ ಹೊರಟಾಗ ಬೀದಿಯ ಇನ್ನೂ ಕೆಲವು ಹೆಂಗಸರು ಜೊತೆಗೂಡಿದರು. ಅವರಲ್ಲಿ ಆ ಹಿರಿಯರ ಸೊಸೆಯೂ ಇದ್ದಳು.