ಹಿಂದಿನ ಸೀಟಿನ ಸೆರಗು

"ಅಕ್ಕಾ, ಸೆರಗು ಗಾಲಿಗೆ ಸಿಕ್ತದೆ, ಮೇಲೆ ತಕಳಿ!"

ಬೆಳಗಿನ ಮಬ್ಬಿನಲ್ಲಿ, ಅಂಕೋಲೆ ದಾಟಿದ ಮೇಲಿನ ಕಡಲ ರಸ್ತೆಯಲ್ಲಿ, ಮೀನುಬುಟ್ಟಿ ಹೊತ್ತ ಹೆಂಗಸೊಬ್ಬಳು ಕೂಗಿದಳು. ಬೈಕ್ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಹಿಂದಿನ ಸಂಜೆ ಮನೆಯಲ್ಲಿ ಒಬ್ಬನೇ ಕೂಡಲಾರದೆ ನಮ್ಮೂರು ಮೊರಬದಿಂದ ಹಂಗೇ ಹೊರಟಾಗ, ಚಳಿಗಿರಲೆಂದು ಕೌದಿಯೊಂದನ್ನು ಹಿಂದೆ ಕಟ್ಟಿಕೊಂಡಿದ್ದೆ. ತೀರಿಕೊಂಡ ನನ್ನ ಹೆಂಡತಿ ತನ್ನ ಹಳೇ ಸೀರೆಗಳಿಂದ ಹೊಲಿದದ್ದು. ಹಗ್ಗ ಸಡಿಲಾಗಿ ಅದರ ಅಂಚು ಗಾಲಿಯ ಹತ್ತಿರ ಜೋಲುತ್ತಿತ್ತು.

ಹೆಂಗಸು ಹತ್ತಿರ ಬಂದು ನೋಡಿ ನಾಚಿದಳು. "ಯಾರೋ ಕೂತ ಹಾಗೇ ಕಂಡ್ತು ಮಾರಾಯ್ರೆ."

"ಇರಲಿ ಬಿಡ್ರಿ, ಆಕೀಗೆ ನಾನೂ ಹಿಂಗ ಹೇಳತಿದ್ದೆ" ಅಂದೆ.

ಅಂಚನ್ನು ಮಡಚಿ ಬಿಗಿಯಾಗಿ ಕಟ್ಟಿದೆ. ಮರಳುವಾಗ ಹಂಪ್ ಬಂದಲ್ಲೆಲ್ಲ ಕೈ ತಾನಾಗೇ ಗಾಡಿ ನಿಧಾನ ಮಾಡಿತು. ಮನೆ ಮುಂದೆ ನಿಲ್ಲಿಸಿದವನು, ಆಕೆ ಇಳಿಯಲೆಂದು ಸ್ವಲ್ಪ ಹೊತ್ತು ಕಾದೆ.